ಭಾನುವಾರವೂ ಮುಚ್ಚಿದ ಲ್ಯಾಪ್‌ಟಾಪ್

೧೪ ಮಾರ್ಚ್, ಗುರುವಾರ

ಪ್ರೀತಿಯ ತಂಗಿ,

ನಿನಗೂ ನಿನ್ನ ಮಗಳು ನಮ್ಮ ಚಿನಕುರುಳಿಗೂ ಆಶೀರ್ವಾದ. ನಿನ್ನ ಯಜಮಾನರಿಗೆ ಕೇಳಿದೆನೆಂದು ಹೇಳು. ಭಾನುವಾರದ ಕರೆಗೆಂದು, ಪರದೆಯ ಮೇಲೆ ಸಿಕ್ಕಿಸಿಕೊಳ್ಳಲು ನೀನು ಕಳಿಸಿದ ಕ್ಯಾಮೆರಾ ಕೈಸೇರಿ ಇಪ್ಪತ್ತು ದಿನವಾಯಿತು. ಅವತ್ತೇ ಬರೆಯಬೇಕಿತ್ತು, ತಪ್ಪಾಯಿತು, ಬೈದುಕೊ. ದಿನವಿಡೀ ಕೀಬೋರ್ಡ್ ಕುಟ್ಟುವವಳು ಪೆನ್ನು ಹಿಡಿದಿದ್ದೇನೆ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲಾಗಿದ್ದರೆ ನಗಬೇಡ.

ಕ್ಯಾಮೆರಾ ಇನ್ನೂ ಡಬ್ಬದಲ್ಲೇ ಇದೆ. ಅದಕ್ಕೇ ಅಲ್ಲವೇ ನೀನು ಸಿಟ್ಟಾಗಿದ್ದು? "ಮುಖ ತೋರ್ಸೋಕೂ ಬೇಜಾರಾದ್ರೆ ಇನ್ಮೇಲೆ ಮಾತಾಡೋದೇ ಬೇಡ ಬಿಡಕ್ಕ. ರಜೆಗೆ ನಾವೇ ಬಂದು ನೋಡ್ತೀವಿ, ಏನಾಗಿದೆ ನಿಂಗೆ ಅಂತ," ಎಂದೆ. ಆಮೇಲೆ ಎರಡು ಭಾನುವಾರ ನನ್ನ ಕರೆ ತೆಗೆದುಕೊಳ್ಳಲೇ ಇಲ್ಲ. ಆ ಎರಡು ಸಂಜೆ ನಾನು ಹೇಗೆ ಕಳೆದೆ ಎಂದು ಕೇಳಬೇಡ.

ಲ್ಯಾಪ್‌ಟಾಪಿನ ಕೀಲು ಮುರಿದಿದೆ, ಮುಚ್ಚಳ ಏಳುವುದಿಲ್ಲ ಎಂದಿದ್ದೆನಲ್ಲ, ಅದು ಸುಳ್ಳು. ಕತ್ತುನೋವು ಮಾತ್ರ ನಿಜ. ಎರಡು ವರ್ಷದ ಹಿಂದೆ ಕೆಳಗಿನ ಅಂಗಡಿಯ ರಿಪೇರಿಯವನು ಬಂದು, ಕಣ್ಣಿನ ಮಟ್ಟಕ್ಕೆ ದೊಡ್ಡ ಪರದೆ ಇಟ್ಟು, ಬೇರೆ ಕೀಬೋರ್ಡು, ಮೌಸು ಜೋಡಿಸಿ, ಮುಚ್ಚಿದರೂ ಲ್ಯಾಪ್‌ಟಾಪ್ ನಿಲ್ಲದ ಹಾಗೆ ಮಾಡಿಕೊಟ್ಟ. "ಕರೆಂಟ್ ವೈರ್ ಕೀಳ್ಬೇಡಿ ಮೇಡಂ, ಗಾಳಿ ಆಡೋ ಹಾಗೆ ಇಡಿ," ಎಂದ. ಅದಕ್ಕೇ ಅದನ್ನು ತಟ್ಟೆ ಒಣಗಿಸುವ ಸ್ಟ್ಯಾಂಡಿನಲ್ಲಿ ನಿಲ್ಲಿಸಿದ್ದೇನೆ. ವಾರವಿಡೀ ಹಾಗೆ ಮುಚ್ಚಿಟ್ಟೇ, ಆಸ್ಪತ್ರೆಯವರು ಕಳಿಸುವ ಡಾಕ್ಟರುಗಳ ಗೊಣಗಾಟದ ರೆಕಾರ್ಡಿಂಗ್ ಕೇಳಿ ರಿಪೋರ್ಟ್ ಟೈಪ್ ಮಾಡುತ್ತೇನೆ. ಕ್ಯಾಮೆರಾ ಇರುವುದು ಮುಚ್ಚಳದ ಒಳಗೆ ತಾನೆ, ಭಾನುವಾರ ಸಂಜೆ ಮಾತ್ರ ನಿಮಗೋಸ್ಕರ ತೆರೆಯುತ್ತಿದ್ದೆ.

ಕಳೆದ ಜುಲೈನಲ್ಲಿ ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸಿದರೆ ನೀರು ಎಡಗಡೆಯಿಂದ ಸೋರಿತು. ಕನ್ನಡಿ ನೋಡಿಕೊಂಡೆ. ಅರ್ಧ ಮುಖ ಜೋತುಬಿದ್ದಿತ್ತು, ಎಡಗಣ್ಣು ಮುಚ್ಚಲು ಬರುತ್ತಿರಲಿಲ್ಲ. "ನರ ಊದ್ಕೊಂಡಿದೆ ಅಷ್ಟೇ, ಮೂರು ತಿಂಗಳಲ್ಲಿ ಸರಿಹೋಗತ್ತೆ," ಎಂದರು ಡಾಕ್ಟರು. ಮೊದಲ ಭಾನುವಾರ ಕಳೆದ ಮೇಲೆ, ಸರಿಹೋದಾಗಲೇ ನಿನಗೆ ಹೇಳಿ ಇಬ್ಬರೂ ನಕ್ಕುಬಿಡೋಣ ಎಂದುಕೊಂಡೆ. ಎಂಟು ತಿಂಗಳಾಯಿತು. ಹೋದ ವಾರ ಅವರು ನನ್ನೆದುರೇ ರೆಕಾರ್ಡರಿಗೆ ಹೇಳಿದರು, ಇನ್ನು ಹೆಚ್ಚಿನ ಸುಧಾರಣೆ ನಿರೀಕ್ಷಿಸುವಂತಿಲ್ಲ ಎಂದು. ಆ ವಾಕ್ಯವನ್ನು ಎಷ್ಟೋ ಜನರ ಹೆಸರಿನ ಕೆಳಗೆ ನಾನೇ, ಟೀ ಹೀರುತ್ತ, ಟೈಪ್ ಮಾಡಿದ್ದೇನೆ. ಮಾರನೆಯ ದಿನ ನನ್ನ ರಿಪೋರ್ಟೂ ನನ್ನ ಪಾಲಿಗೇ ಬಂತು. ತಪ್ಪಿಲ್ಲದೆ ಟೈಪ್ ಮಾಡಿ ಕಳಿಸಿದೆ.

ಅಲ್ಲಿಗೆ ಮುಗಿಯಿತು ಕಣೇ. "ಅಕ್ಕ ಕನ್ನಡಿ ಮುಂದೆ ಕೂತ್ರೆ ಹೊತ್ತು ಮುಳುಗತ್ತೆ," ಎಂದು ಅಣಕಿಸುತ್ತಿದ್ದೆಯಲ್ಲ, ಈಗ ಕನ್ನಡಿಗೆ ಟವೆಲ್ ಹೊದಿಸಿದ್ದೇನೆ. ತರಕಾರಿ ತರಲು ಮಾಸ್ಕ್ ಹಾಕಿಕೊಂಡು ಹೋಗುತ್ತೇನೆ. ಉಣ್ಣುವಾಗ ತುತ್ತು ಜಾರುತ್ತದೆ, ಒರೆಸಿಕೊಂಡು ಉಣ್ಣುತ್ತೇನೆ. ಹಣೆಬರಹಕ್ಕೆ ಹೊಣೆ ಯಾರು? ಧೈರ್ಯ ಹೇಳಬೇಡ, ನನಗೆ ಸಾಕಾಗಿದೆ.

ನೀನು ಬೇಕಾದರೆ ಒಬ್ಬಳೇ ಬಾ, ಚಿನಕುರುಳಿಯನ್ನು ಕರೆತರಬೇಡ. ಭಾನುವಾರದ ಮಾತು ಮಾತ್ರ ನಿಲ್ಲಿಸಬೇಡ, ಕೈಮುಗಿಯುತ್ತೇನೆ. ನೀನು ಕೆಲಸಕ್ಕೆ ಹೋಗುತ್ತಿದ್ದಾಗ ಎರಡು ವರ್ಷ ನನ್ನ ಮಡಿಲಲ್ಲಿ ಬೆಳೆದ ಮಗು. ಹೆರದ ನನಗೆ ಅವಳ ದನಿಯೊಂದೇ ಉಳಿದಿರುವುದು.

ನಿಮ್ಮ ಮನೆ ನಗುನಗುತ್ತ ಇರಲಿ. ನಿನ್ನ ಸಿಟ್ಟು ಇಳಿಯಲಿ.

ಇಂತಿ,
ನಿನ್ನ ಅಕ್ಕ

ತಾ.ಕ.: ಅವಳನ್ನು ಯಾಕೆ ಕರೆತರಬಾರದು ಎಂದು ನೀನು ಕೇಳಿಯೇ ಕೇಳುತ್ತೀಯ. ಮುಖ ಸೊಟ್ಟಗಾದ ವಾರ, ನನ್ನವರ ಹತ್ತಿರ ಏನು ನಾಚಿಕೆ ಎಂದು, ಎಂದಿನಂತೆ ಮುಚ್ಚಳ ತೆರೆದೇ ಕರೆ ಮಾಡಿದ್ದೆ. ನೀನು ಸ್ನಾನಕ್ಕೆ ಹೋಗಿದ್ದೆ, ಅವಳೇ ತೆಗೆದುಕೊಂಡಳು. ನಾನು ನಕ್ಕೆ. ಅವಳು ಹಿಂದೆ ಸರಿದು, "ನೀವ್ಯಾರು? ದೊಡ್ಡಮ್ಮನ್ನ ಕರೀರಿ," ಎಂದಳು. ನಾನು ತಟ್ಟನೆ ಮುಚ್ಚಳ ಮುಚ್ಚಿದೆ. ಕರೆ ಕಡಿಯಲಿಲ್ಲ, ದೊಡ್ಡ ಪರದೆಯಲ್ಲಿ ಅವಳು ಅಳುಮುಖ ಮಾಡಿಕೊಂಡು ನಿಂತಿದ್ದಳು. "ಏನೇ ಚಿನಕುರುಳಿ," ಎಂದೆ. ದನಿ ಕೇಳಿದ್ದೇ ತಡ, ಮುಖ ಅರಳಿತು. "ದೊಡ್ಡಮ್ಮ, ನಿಮ್ಮನೇಲಿ ಯಾರೋ ಇದ್ರು, ನಂಗೆ ಭಯ ಆಯ್ತು. ಅವ್ರನ್ನ ಕಳ್ಸಿಬಿಡು," ಎಂದಳು. ಕಳಿಸುತ್ತೇನೆ ಎಂದೆ. ನೀನು ಮಾತು ಬಿಡುವವರೆಗೂ ಪ್ರತಿ ಭಾನುವಾರ ನಿನಗೆ ಕೇಳದ ಹಾಗೆ ಪಿಸುಗುಟ್ಟುತ್ತಿದ್ದಳು, "ಅವ್ರು ಹೋದ್ರಾ?" ಎಂದು. "ಹೋದ್ರು ಕಂದ, ಇನ್ನು ಬರಲ್ಲ," ಎಂದು ಪ್ರತಿ ಸಲವೂ ಮಾತು ಕೊಟ್ಟಿದ್ದೇನೆ.