ಆರನೇ ದೀಪ

ಕೊಳತ್ತೂರು
ಡಿಸೆಂಬರ್ 19, ಶುಕ್ರವಾರ

ಪ್ರೀತಿಯ ಅರವಿಂದನಿಗೆ,

ನಿನ್ನ ಭಾವ ಪ್ರಭಾಕರ್ ಮಾಡುವ ಆಶೀರ್ವಾದಗಳು. ಇಲ್ಲಿ ನಿನ್ನ ಅಕ್ಕ ಸುಗುಣಾ, ಮಗು ಜೀವಿತಾ ಕ್ಷೇಮ. ನಿನ್ನನ್ನು ಆಸ್ಪತ್ರೆಯಲ್ಲಿ ಬಿಟ್ಟು ಊರಿಗೆ ಬಂದು ಹದಿನಾರು ದಿನವಾಯಿತು, ಒಂದು ಸಲವೂ ನಿನ್ನ ಜೊತೆ ಮಾತಾಡಲಿಲ್ಲ. ನೀನು ಫೋನ್ ಮಾಡಿದಾಗಲೆಲ್ಲ ಸುಗುಣಾಳ ಕೈಗೆ ಕೊಟ್ಟು ಹಿತ್ತಲಿಗೆ ಹೋಗಿಬಿಟ್ಟೆ. ಕೋಪ ಮಾಡಿಕೊಳ್ಳಬೇಡ. ನಿನ್ನ ದನಿ ಕೇಳಿದರೆ ನನ್ನ ಬಾಯಿ ಕಟ್ಟುತ್ತದೆ, ಅದಕ್ಕೇ ಈ ಕಾಗದ. ಕನ್ನಡದಲ್ಲಿ ಯಾಕೆ ಎಂದು ನಗಬೇಡ. ಚಿಕ್ಕಂದಿನಲ್ಲಿ ನಿನ್ನ ತಾತ ಜಗಲಿಯ ಮೇಲೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ಕಲಿಸಿದ ಅಕ್ಷರ ಇವು. ತಮಿಳಿನಲ್ಲಿ ಬರೆದರೆ ವಾರ್ಡಿನಲ್ಲಿ ಯಾರಾದರೂ ಇಣುಕಿ ಓದಿಯಾರು. ಇದನ್ನು ನೀನೊಬ್ಬನೇ ಓದಬೇಕು.

ಮೆಟ್ಟೂರು ಅಣೆಕಟ್ಟು ತುಂಬಿದೆ, ಮೀನಿನವರ ಮುಖದಲ್ಲಿ ನಗು ಬಂದಿದೆ. ನಿನ್ನ ಬೈಕನ್ನು ಎರಡು ದಿನಕ್ಕೊಮ್ಮೆ ಸ್ಟಾರ್ಟ್ ಮಾಡಿ ಇಡುತ್ತಿದ್ದೇನೆ. ಬೈಕಿನ ಮಾತು ಬರೆಯಬಾರದಿತ್ತೇನೋ, ಕೈ ತಪ್ಪಿ ಬರೆದೆ.

ಊರಿನಲ್ಲಿ ನನಗೆ ಈಗ ಇನ್ನಿಲ್ಲದ ಮರ್ಯಾದೆ. ನಿನ್ನ ಅಪ್ಪ ಮಾರಿಯಪ್ಪ ಮಾವ ಓಮಲೂರು ಬಸ್ಸಿನಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬರುತ್ತಾರೆ: "ಕಡ್ಲು ಪಕ್ಕದ್ ಅಣು ಕರೆಂಟ್ ಪ್ಲಾಂಟ್‌ನಾಗೆ ಅಂಥಾ ಪುಯಲ್ ಗಾಳಿ ಒಡೀತಿತ್ತು. ಆ ಮಳೇಲಿ ನಮ್ ಅಳಿಯ ಓಗಿ ಉಡುಗನ್ನ ಎಗಲ್ ಮೇಲೆ ಒತ್ಕಂಡ್ ಬಂದವ್ನೆ." ಮೊನ್ನೆ ನಾನೂ ಅದೇ ಬಸ್ಸಿನಲ್ಲಿದ್ದೆ. ಎಲ್ಲರೂ ತಿರುಗಿ ನೋಡಿದರು. ಎರಡು ಸ್ಟಾಪ್ ಮುಂಚೆಯೇ ಇಳಿದು ನಡೆದುಕೊಂಡು ಬಂದೆ.

ನೀನು ಬೇಲಿಯ ಕಡೆ ಹೋದ ಮೇಲೆ ಒಳಗೆ ಏನಾಯಿತು ಎಂದು ಆಸ್ಪತ್ರೆಯಲ್ಲಿ ಕೇಳಿದ್ದೆಯಲ್ಲ. ಸೈಕ್ಲೋನ್ ಬರುತ್ತದೆಂದು ಯಂತ್ರಗಳನ್ನು ಬೆಳಿಗ್ಗೆಯೇ ನಿಲ್ಲಿಸಿದ್ದರು, ಅವಕ್ಕೇನೂ ಆಗಲಿಲ್ಲ. ಕೆಟ್ಟದ್ದು ನಮ್ಮ ಸೆಕ್ಯುರಿಟಿಯವರ ಕಾವಲು. ಮಧ್ಯಾಹ್ನ ಎರಡಕ್ಕೇ ಹೊರಬೇಲಿಯ ಕ್ಯಾಮೆರಾ, ವಾಕಿಟಾಕಿ ಎಲ್ಲ ಸತ್ತವು. ಉಳಿದದ್ದು ಬೇಲಿಗೆ ಕಟ್ಟಿದ ಅಲಾರಂ ಕೇಬಲ್ ಒಂದೇ. ಬೇಲಿ ಅಲುಗಿದರೆ ನನ್ನ ಮುಂದಿನ ಬೋರ್ಡಿನಲ್ಲಿ ಆ ಭಾಗದ ದೀಪ ಹತ್ತಿ ಬಜರ್ ಕೂಗುತ್ತದೆ, ಒಬ್ಬರು ಹೋಗಿ ನೋಡಿ ಬಂದು ರಿಜಿಸ್ಟರಿನಲ್ಲಿ ಬರೆಯಬೇಕು. ಆ ದಿನ ಗಾಳಿಗೆ ಹನ್ನೆರಡೂ ದೀಪ ಹುಚ್ಚು ಹಿಡಿದಂತೆ ಹತ್ತಿ ಆರುತ್ತಿದ್ದವು. ಬೇಲಿ ಬಿದ್ದಿದೆಯೇ ನೋಡು ಎಂದು ನಮ್ಮ ಶಿಫ್ಟಿನ ಅಧಿಕಾರಿ ವಿಶ್ವನಾಥನ್ ಸಾರ್ ಮೂರು ಗಂಟೆಗೆ ನಿನ್ನನ್ನು ಆರನೇ ಭಾಗಕ್ಕೆ ಕಳಿಸಿದರು. ಮೊಬೈಲ್ ಎಂದಿನಂತೆ ಗೇಟಿನಲ್ಲೇ ಕೊಟ್ಟಿದ್ದೆವು, ಸರ್ವೆ ಮರ ನಿನ್ನ ಕಾಲ ಮೇಲೆ ಬಿದ್ದದ್ದು ನಮಗೆ ತಿಳಿಯುವ ದಾರಿಯೇ ಇರಲಿಲ್ಲ. ಐದೂವರೆಗೆ ನಾನೇ ಹುಡುಕಿಕೊಂಡು ಬಂದೆ. ವಿಚಾರಣೆಯಲ್ಲಿ ಇಷ್ಟೇ ಹೇಳಿದೆ. ಅವರು ಬರೆದುಕೊಂಡು, ಬೆನ್ನು ತಟ್ಟಿ, ಒಂದು ತಿಂಗಳು ರಜೆ ಕೊಟ್ಟರು.

ಎರಡು ಗಂಟೆ ಮೊದಲು ತಂದಿದ್ದರೆ ಕಾಲು ಉಳಿಯುತ್ತಿತ್ತು ಎಂದು ಡಾಕ್ಟರ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಅದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ಜೀವಿತಾಳ ಕಿವಿ ಚುಚ್ಚಿಸುವುದೆಂದು ಆಗಿತ್ತಲ್ಲ, ಮುಂದಕ್ಕೆ ಹಾಕಿದ್ದೇವೆ. ಪಾಪಿರೆಡ್ಡಿಪಟ್ಟಿಯ ನಿಮ್ಮ ದೊಡ್ಡಪ್ಪನ ಮಗನ ತೊಡೆಯ ಮೇಲೆ ಕೂರಿಸಿದರಾಯಿತು ಎಂದು ಯಾರೋ ಅಂದದ್ದಕ್ಕೆ ನಿನ್ನ ಅಕ್ಕ ಸಿಡಿದೆದ್ದಳು. "ಸ್ವಾದರ್‌ಮಾವ ಬದುಕವ್ನೆ. ಮಂಡಿ ಕೆಳ್ಗೆ ಇಲ್ದಿದ್ರೆ ಏನು, ತೊಡೆ ಐತೆ. ಅವ್ನು ಬರೋಗಂಟ ನನ್ ಮಗ್ಳು ಕಿವೀಗೆ ಯಾರೂ ಸೂಜಿ ತಾಕ್ಸಕೂಡ್ದು!" ಆಮೇಲೆ ನನಗೆ ಸಾರು ಬಡಿಸುತ್ತ, "ನೀವ್ ಓಗ್ದೆ ಇದ್ದಿದ್ರೆ ತಮ್ಮ ಅನ್ನೋನೇ ನಂಗಿರ್ತಿರ್ಲಿಲ್ಲ" ಎಂದು ಕಣ್ಣೊರೆಸಿಕೊಂಡಳು. ನಾನು ಊಟ ಬಿಟ್ಟು ಎದ್ದೆ. ಇಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೋ. ನಿನ್ನ ಜೊತೆಗಿರುವ ಅವ್ವನಿಗೆ ನನ್ನ ನಮಸ್ಕಾರ ತಿಳಿಸು. ಮಾದಪ್ಪ ನಿನ್ನನ್ನು ನೂರು ವರ್ಷ ಕಾಯಲಿ.

ಇಂತಿ ನಿನ್ನ ಭಾವ,
ಪ್ರಭಾಕರ್

ಮತ್ತೊಂದು ಮಾತು. ಮರೆತು ಕೊನೆಗೆ ಬರೆಯುತ್ತಿಲ್ಲ, ಇದಕ್ಕಾಗಿಯೇ ಕಾಗದ ಹಿಡಿದದ್ದು. ಡ್ಯೂಟಿಯಲ್ಲಿ ನನ್ನನ್ನು ಓಡಿಸಬೇಕೆಂದು ನೀನು ಬೇಲಿಯನ್ನು ಮೂರು ಸಲ ಅಲುಗಿಸಿ, ತಡೆದು, ಮತ್ತೆ ಮೂರು ಸಲ ಅಲುಗಿಸುತ್ತಿದ್ದೆ. ನಾನು ಲಾಠಿ ಹಿಡಿದು ಏದುಸಿರು ಬಿಡುತ್ತ ಬಂದರೆ "ಒಟ್ಟೆ ಕರಗ್ಲಿ ಅಂತ ಬಾವ" ಎಂದು ನಗುತ್ತಿದ್ದೆ. ಭಾವನನ್ನು ಆಟವಾಡಿಸುವುದು ಭಾಮೈದನ ಹಕ್ಕಲ್ಲವೇ, ನಾನೂ ಯಾರಿಗೂ ದೂರಲಿಲ್ಲ.

ಆ ದಿನ ಮೂರೂಕಾಲಿಗೆ ಆರನೇ ದೀಪ ಮೂರು ಸಲ ಹತ್ತಿತು. ತಡೆದು, ಮತ್ತೆ ಮೂರು ಸಲ. ಗಾಳಿ ಹಾಗೆ ಎಣಿಸಿ ಅಲುಗಿಸುವುದಿಲ್ಲ. ನೀನೇ ಎಂದು ಗೊತ್ತಾಯಿತು. ಈ ಮಳೆಯಲ್ಲೂ ನನ್ನನ್ನು ನೆನೆಸಲು ನೋಡುತ್ತಾನೆ ಎಂದು ನಕ್ಕು ಬಜರ್ ನಿಲ್ಲಿಸಿದೆ. "ನೋಡಲಾಗಿದೆ, ಗಾಳಿ" ಎಂದು ರಿಜಿಸ್ಟರಿನಲ್ಲಿ ಬರೆದೆ. ದೀಪ ಮತ್ತೆ ಮತ್ತೆ ಹಾಗೇ ಹತ್ತಿತು. ನಾಲ್ಕರ ಹೊತ್ತಿಗೆ ಎದೆ ಅಳುಕಿತು. ಆದರೆ ಈಗ ಹೋದರೆ ಮೊದಲೇ ಯಾಕೆ ಹೋಗಲಿಲ್ಲ ಎಂದು ಸಾರ್ ಕೇಳುತ್ತಾರೆ, ಬರೆದದ್ದು ಸುಳ್ಳೆಂದು ತಿಳಿಯುತ್ತದೆ ಎಂದು ಕೂತೇ ಇದ್ದೆ. ನಾಲ್ಕೂವರೆಯ ಮೇಲೆ ಆ ದೀಪ ಹಾಗೆ ಹತ್ತಲಿಲ್ಲ.

ಆಪರೇಷನ್ ಆದ ಮಾರನೇ ದಿನ ನೀನು ಕೇಳಿದೆ, "ಬಾವ, ಲೈಟು ಬರ್ನಿಲ್ವಾ?" ನಾನು ಇಲ್ಲ ಎಂದೆ. ನೀನು ನನ್ನ ಕೈ ಹಿಡಿದುಕೊಂಡು, "ಕೇಬ್ಲು ಕಿತ್ತೋಗಿರ್ಬೇಕು ಬುಡಿ, ನೀವಾದ್ರೂ ಏನ್ಮಾಡೀರಾ" ಎಂದು ನನ್ನನ್ನೇ ಸಮಾಧಾನ ಮಾಡಿದೆ.

ಕೇಬಲ್ ಕಿತ್ತಿರಲಿಲ್ಲ, ಅರವಿಂದ್.