ನಾಲ್ಕನೇ ಚಕ್ರ

ಕಳಸ
21 ಫೆಬ್ರವರಿ 1999, ಭಾನುವಾರ

ಪ್ರೀತಿಯ ಮಾರಯ್ಯ,

ನಿನ್ನ ಅತ್ತಿಗೆ ದೇವೀರಮ್ಮ ಬರೆಯುತ್ತಿದ್ದೇನೆ. ಲಕೋಟೆಯ ಮೇಲಿನ ಅಕ್ಷರ ನೋಡಿಯೇ ನೀನು ಇದನ್ನು ಬದಿಗಿಡಬಹುದು. ಇಟ್ಟರೂ ತಪ್ಪಿಲ್ಲ. ಯಾವಾಗಲಾದರೂ ಓದು.

ನೀನು ಹೊರನಾಡಿನ ಲಾಡ್ಜಿನಲ್ಲಿ ಯಾತ್ರಿಕರಿಗೆ ಬಿಸಿನೀರು ಹೊತ್ತು ಕೊಡುತ್ತಿದ್ದೀಯೆಂದು ನಮ್ಮ ತೋಟದ ಕೆಲಸಕ್ಕೆ ಬರುವ ತುಂಗಮ್ಮ ಹೇಳಿದಳು. ಲಾಡ್ಜಿನ ಮುಂದೆ ಯಾರದೋ ಜೀಪು ಕೆಟ್ಟು ನಿಂತಾಗ ಜನ ನಿನ್ನನ್ನು ಕರೆದರಂತೆ. "ನಂಗೆ ಆ ಕೆಲ್ಸ ಬರಲ್ಲ" ಅಂದು ನೀನು ಒಳಗೆ ಹೋದೆಯಂತೆ. ಅದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ನಿನ್ನನ್ನು ಹಾಗೆ ಮಾಡಿದವಳು ನಾನು. ನಿಮ್ಮಣ್ಣನ ಹನ್ನೊಂದನೆಯ ದಿನ ನೀನು ಎಲೆಯ ಮುಂದೆ ಕುಳಿತಿದ್ದೆ. ಅನ್ನ ಬಡಿಸಿಯಾಗಿತ್ತು. ನೆಂಟರೆಲ್ಲರ ಎದುರು ನಾನು, "ಅಣ್ಣನ ಜೀಪಿಗೆ ಬ್ರೇಕು ಕಟ್ಟಿದ ಕೈ ಅದು. ಅದೇ ಕೈಯಲ್ಲಿ ಉಣ್ತೀಯಲ್ಲ" ಅಂದೆ. ನೀನು ತುತ್ತು ಮುಟ್ಟದೆ ಎದ್ದು ಹೋದೆ. ಆ ಎಲೆಯನ್ನು ತೆಗೆದವಳೂ ನಾನೇ. ಹದಿನಾಲ್ಕು ತಿಂಗಳಾಯಿತು.

ಜೀಪು ಈಗಲೂ ನಮ್ಮಲ್ಲೇ ಇದೆ. ಮಿಲಿಟರಿ ಹರಾಜಿನಿಂದ ತಂದು, ಹಿಂಭಾಗ ಕತ್ತರಿಸಿ, ಅಣ್ಣ ತಮ್ಮ ಇಬ್ಬರೂ ಸೇರಿ ಪಿಕಪ್ ಮಾಡಿಕೊಂಡ ಅದೇ ಜೀಪು. ಅಪಘಾತದ ತನಿಖೆ ಮುಗಿದು ಪೊಲೀಸಿನವರು ಬಿಟ್ಟ ಮೇಲೆ ಎಳೆದು ತಂದು, ಕಾಫಿ ಹಣ್ಣು ಸುಲಿಯುವ ಪಲ್ಪರ್ ಶೆಡ್ಡಿನ ಪಕ್ಕ ನಿಲ್ಲಿಸಿದರು. ನಾನು ಟಾರ್ಪಾಲು ಹೊದಿಸಿದೆ. ಗೋಣಿಬೀಡಿನ ಗುಜರಿಯ ಕೆಂಚಯ್ಯ ಎರಡು ಸಲ ಬಂದು, "ಕೊಟ್ಬಿಡಿ ಅಮ್ಮ, ಕಣ್ಮುಂದೆ ಇದ್ರೆ ಸಂಕಟ" ಅಂದ. ಕೊಡಲಿಲ್ಲ. ವರ್ಷದ ಕಾರ್ಯ ಮುಗಿದ ಮೇಲೆ ಒಂದು ಬೆಳಿಗ್ಗೆ ಟಾರ್ಪಾಲು ತೆಗೆದೆ. ಯಾಕೆ ತೆಗೆದೆ ಎಂಬುದನ್ನು ಮುಚ್ಚಿಡುವುದಿಲ್ಲ. ನಿನ್ನ ತಪ್ಪನ್ನು ನನಗೆ ಕಣ್ಣಾರೆ ನೋಡಬೇಕಿತ್ತು.

ಏಳನೇ ಕ್ಲಾಸು ಓದಿದವಳಿಗೆ ಈ ವಿದ್ಯೆ ಎಲ್ಲಿಂದ ಬಂತು ಅಂತ ನಗಬೇಡ. ಇಪ್ಪತ್ತು ವರ್ಷ ನಿಮಗಿಬ್ಬರಿಗೂ ಕಾಫಿ ತಂದುಕೊಟ್ಟು ಅಲ್ಲೇ ನಿಂತು ನೋಡಿದ್ದೇನೆ. ಬಿಚ್ಚಿದ್ದನ್ನು ಬಿಚ್ಚಿದ ಕ್ರಮದಲ್ಲೇ ಮೊರದ ಮೇಲೆ ಇಡಬೇಕು. ಮೊದಲನೆಯದರ ಪಕ್ಕ ಒಂದು ಕಾಫಿ ಬೀಜ, ಎರಡನೆಯದರ ಪಕ್ಕ ಎರಡು. ಜೋಡಿಸುವಾಗ ಹೆಚ್ಚು ಬೀಜ ಇರುವಲ್ಲಿಂದ ಹಿಂದಕ್ಕೆ ಬರಬೇಕು. ನಿಮ್ಮಣ್ಣನ ಈ ಪದ್ಧತಿ ನನಗೆ ಬಾಯಿಪಾಠ. ನನ್ನ ಒಳ್ಳೊಳ್ಳೆಯ ಮೊರಗಳೆಲ್ಲ ಗ್ರೀಸಾದದ್ದು ಹಾಗೆ ತಾನೆ?

ಉಳಿದ ಚಕ್ರಗಳಿಗೆ ಕಾಫಿ ಬೊಡ್ಡೆಯ ತುಂಡು ಅಡ್ಡ ಇಟ್ಟು, ಹಿಂದಿನ ಎಡಚಕ್ರಕ್ಕೆ ಜಾಕು ಕೊಡಲು ಹೊರಟೆ. ಅದಕ್ಕೆ ಮೊದಲು ನಟ್ಟು ಸಡಿಲಿಸಬೇಕಲ್ಲ, ಅದು ಬಿಡಲೇ ಇಲ್ಲ. ಸ್ಪ್ಯಾನರಿಗೆ ಒಂದು ಕಬ್ಬಿಣದ ಪೈಪು ಸಿಕ್ಕಿಸಿ ಅದರ ಮೇಲೆ ಹತ್ತಿ ನಿಂತೆ. ಸೌದೆ ಹೊತ್ತು ಬರುತ್ತಿದ್ದ ತುಂಗಮ್ಮ ನೋಡಿ, "ಎಂತ ದೇವೀರಕ್ಕ, ಉಯ್ಯಾಲೆ ಆಡ್ತಿದೀರಾ?" ಅಂದಳು. ಅಷ್ಟರಲ್ಲಿ ನಟ್ಟು ಕಿರ್ರೆಂದು ತಿರುಗಿತು. ನಾನು ನೆಲಕ್ಕೆ ಬಿದ್ದೆ. ನಿಮ್ಮಣ್ಣ ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು.

ಚಕ್ರ ಬಿಚ್ಚಿ, ಸುತ್ತಲೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಡ್ರಮ್ಮನ್ನು ಎಳೆದೆ. ಮಾರಯ್ಯ, ಹೊರಗೆಲ್ಲ ಒಣಗಿದ ಕೆಸರು, ತುಕ್ಕು. ಒಳಗೆ ನೋಡಿದರೆ ದೇವರ ಪೆಟ್ಟಿಗೆ ತೆರೆದ ಹಾಗಿತ್ತು. ಡ್ರಮ್ಮಿಗೆ ಒತ್ತಿ ಚಕ್ರ ನಿಲ್ಲಿಸುವ ಎರಡು ಲೈನರು ಎದುರುಬದುರು ನಿಂತಿದ್ದವು. ಸ್ಪ್ರಿಂಗಿನ ಕೊಕ್ಕೆಗಳೆಲ್ಲ ಒಂದೇ ಕಡೆಗೆ ಮುಖ ಮಾಡಿದ್ದವು. ಪಿನ್ನಿನ ತುದಿಗಳನ್ನೆಲ್ಲ ನೀನು ಒಂದೇ ಅಳತೆಗೆ ಮಡಚಿದ್ದೆ, ನಿನ್ನವ್ವ ಹೂ ಕಟ್ಟುವಾಗ ಗಂಟು ಹಾಕುತ್ತಿದ್ದರಲ್ಲ, ಹಾಗೆ. ಯಾರೂ ನೋಡದ ಜಾಗದಲ್ಲಿ ಯಾರಿಗಾಗಿ ಅಷ್ಟು ಅಂದ ಮಾಡಿದೆ? ತಪ್ಪು ಹುಡುಕಲು ಬಂದವಳು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ.

ಆಮೇಲೆ ಎಣ್ಣೆಯ ಪೈಪು ಹಿಡಿದು ಬೆರಳಲ್ಲೇ ಹೋದೆ. ಪೆಡಲಿನಿಂದ ಹೊರಟು ನಾಲ್ಕೂ ಚಕ್ರಕ್ಕೆ ಕವಲೊಡೆಯುತ್ತದೆ. ಮೆಣಸಿನ ಬಳ್ಳಿಯಷ್ಟೂ ದಪ್ಪವಿಲ್ಲ. ಅದರೊಳಗೆ ಇರುವುದು ಒಂದು ಲೋಟದಷ್ಟು ಎಣ್ಣೆ. ಒಂದು ಕಾಲು ಒತ್ತಿದರೆ ಆ ಎಣ್ಣೆ ಹೋಗಿ ಹತ್ತು ಮೂಟೆ ಕಾಫಿಯನ್ನು, ಎಂಟು ಜನರನ್ನು ಇಳಿಜಾರಿನಲ್ಲಿ ಹಿಡಿದು ನಿಲ್ಲಿಸುತ್ತದೆ. ಇಷ್ಟು ವರ್ಷ ಅದರಲ್ಲಿ ಕುಳಿತು ಸಂತೆಗೆ ಹೋಗಿ ಬಂದೆನಲ್ಲ, ಒಂದು ಲೋಟ ಎಣ್ಣೆಯ ಮೇಲೆ ನಂಬಿಕೆಯಿಟ್ಟು ಹೋಗುತ್ತಿದ್ದೇವೆಂದು ಒಮ್ಮೆಯೂ ಹೊಳೆದಿರಲಿಲ್ಲ.

ಲೈನರುಗಳ ಮಧ್ಯೆ ಒಂದು ಪುಟ್ಟ ಸಿಲಿಂಡರು. ಅದರೊಳಗಿನ ರಬ್ಬರಿನ ಬಟ್ಟಲು ನೆನೆಸಿಟ್ಟ ಕಡಲೆಯಂತೆ ಊದಿಕೊಂಡಿತ್ತು. ಒತ್ತಿದರೆ ಮೆತ್ತಗೆ. ಎರಡನೆಯ ಚಕ್ರದ್ದೂ ಹಾಗೆಯೇ, ಮೂರನೆಯದ್ದೂ ಹಾಗೆಯೇ. ಅವನ್ನು ಕಾಗದದಲ್ಲಿ ಸುತ್ತಿ ಪೇಟೆಯ ಗ್ಯಾರೇಜಿನ ಮಲ್ಲಿಕಾರ್ಜುನನಿಗೆ ತೋರಿಸಿದೆ. ಅವನು ಮೂಸಿ ನೋಡಿ, ಬೆರಳಲ್ಲಿ ಉಜ್ಜಿ, "ಅಮ್ಮ, ಯಾರೋ ಇದಕ್ಕೆ ಇಂಜಿನ್ ಆಯಿಲ್ ಹಾಕಿದಾರೆ. ಬ್ರೇಕಿನ ರಬ್ಬರ್‌ಗೆ ಅದು ವಿಷ. ನಾಲ್ಕು ದಿನ ಎಂತದೂ ಗೊತ್ತಾಗಲ್ಲ, ಆಮೇಲೆ ಇಳಿಜಾರಲ್ಲಿ ಕೈ ಕೊಡತ್ತೆ" ಅಂದ. ನಾನು ಲೈನರು, ಪಿನ್ನು ಎಲ್ಲವನ್ನೂ ಮೊರದ ಸಮೇತ ಅವನ ಮುಂದಿಟ್ಟೆ. "ಕಟ್ಟಿದವ್ನ ಕೆಲ್ಸ ಮಾತ್ರ ಬಂಗಾರ. ಯಾರದ್ದು?" ಅಂದ. ನಿನ್ನ ಹೆಸರು ಹೇಳಿದೆ. "ಮಾರಯ್ಯಂದಾ! ಮತ್ತೆ ಅವ್ನು ಅಲ್ಲಿ ಬಕೆಟ್ ಹೊರ್ತಾ ಕೂತಿದಾನಲ್ಲ ಮಾರಾಯ್ರೆ" ಅಂದ.

ಎಣ್ಣೆ ಯಾರೋ ತಪ್ಪಿ ಹಾಕಿದ್ದು. ನಿನ್ನ ಕೆಲಸದಲ್ಲಿ ತಪ್ಪಿರಲಿಲ್ಲ. ಈ ಸಾಲನ್ನು ಎರಡು ಸಲ ಓದು.

ಮಲ್ಲಿಕಾರ್ಜುನ ಕೊಟ್ಟ ಹೊಸ ರಬ್ಬರು, ಸರಿಯಾದ ಬ್ರೇಕ್ ಎಣ್ಣೆ ತಂದೆ. ಪೈಪುಗಳನ್ನೆಲ್ಲ ತೊಳೆದು, ನಾಲ್ಕನೆಯ ಚಕ್ರದ ಪೈಪನ್ನು ಕವಲಿನಲ್ಲೇ ಮುಚ್ಚಿ, ಮೂರು ಚಕ್ರ ನಾನೇ ಜೋಡಿಸಿದೆ. ಬೀಜಗಳ ಲೆಕ್ಕ ಒಂದೂ ತಪ್ಪಲಿಲ್ಲ. ಕೊನೆಗೆ ಪೈಪಿನ ಗಾಳಿ ತೆಗೆಯುವ ಕೆಲಸ. ಅದು ಒಬ್ಬರಿಂದ ಆಗುವುದಿಲ್ಲ ಎಂದು ನಿನಗೆ ಗೊತ್ತು. ಮೇಲೆ ಒಬ್ಬರು ಪೆಡಲು ಒತ್ತಬೇಕು, ಕೆಳಗೆ ಒಬ್ಬರು ಮಲಗಿ ಗಾಳಿ ಹೊರಬಿಡುವ ನಿಪ್ಪಲು ತಿರುಗಿಸಬೇಕು. ನೀನು ಕೆಳಗಿನಿಂದ "ಒತ್ತು, ಹಿಡಿ, ಬಿಡು" ಅನ್ನುತ್ತಿದ್ದೆ. ನಿಮ್ಮಣ್ಣ ಮೇಲೆ ಕುಳಿತು, "ಯಾರೋ ಇವ್ನು, ಅಣ್ಣಂಗೇ ಆರ್ಡರ್ ಮಾಡ್ತಾನೆ" ಅನ್ನುತ್ತಿದ್ದರು.

ನಾನು ತುಂಗಮ್ಮನನ್ನು ಕರೆದೆ. ನಿಮ್ಮಣ್ಣ ಹೋದ ದಿನ ಕಾಫಿ ಕೊಯ್ಲಿಗೆಂದು ಹಿಂದೆ ಕುಳಿತು ಹೊರಟಿದ್ದ ಎಂಟು ಹೆಂಗಸರಲ್ಲಿ ಅವಳೂ ಒಬ್ಬಳು. ಹತ್ತಲು ಹೆದರಿದಳು. ಪೆಡಲಿನ ಮೇಲೆ ಕಾಲಿಟ್ಟ ಮೇಲೆ ತಾನಾಗಿಯೇ ಹೇಳಿದಳು. ಹೊರನಾಡಿನ ದಾರಿಯ ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ; ಎಡಕ್ಕೆ ಕಂದರ, ಬಲಕ್ಕೆ ಗುಡ್ಡ ಕಡಿದ ದರೆ. "ಗಟ್ಟಿ ಹಿಡ್ಕೊಳ್ರೇ ಅಂದ್ರು ಅಕ್ಕ, ಅಷ್ಟೇ. ಕೂಗ್ಲೂ ಇಲ್ಲ. ಎದ್ರಿಗೆ ಬಸ್ಸು ಬಂದ್ರೆ ಹೇಳ್ತಾರಲ್ಲ, ಹಂಗೆ." ಆಮೇಲೆ ನಿಮ್ಮಣ್ಣ ಬಲಕ್ಕೆ, ತಾವು ಕುಳಿತ ಕಡೆಗೇ, ತಿರುಗಿಸಿದರಂತೆ. ತಮ್ಮ ಕಡೆಯನ್ನೇ ದರೆಗೆ ಕೊಟ್ಟರು. ಹಿಂದಿದ್ದವರಲ್ಲಿ ಒಬ್ಬಳ ಬಳೆ ಒಡೆಯಿತು, ಮತ್ತೊಬ್ಬಳ ಮೊಣಕೈ ತರಚಿತು. ಅಷ್ಟೇ. ಜೀಪಿನ ಕೆಳಗೆ ಮಲಗಿದ್ದ ನನ್ನ ಕೆನ್ನೆಯ ಮೇಲೆ ಎಣ್ಣೆ ತೊಟ್ಟಿಕ್ಕುತ್ತಿತ್ತು, ಒರೆಸಿಕೊಳ್ಳಲೂ ಆಗಲಿಲ್ಲ. ಅಂಥ ಮನುಷ್ಯನಿಗೆ ನಾನು ಇಪ್ಪತ್ತು ವರ್ಷ, ನಿಧಾನಕ್ಕೆ ಓಡಿಸಿ ಅಂತ ಬುದ್ಧಿ ಹೇಳಿದ್ದೆ.

"ಒತ್ತು" ಅಂದೆ. ಪೆಡಲು ಮೊದಲು ಕೆಸರಿನಲ್ಲಿ ಕಾಲಿಟ್ಟ ಹಾಗೆ ಇಳಿಯುತ್ತಿತ್ತಂತೆ. ಗುಳ್ಳೆ ಗುಳ್ಳೆಯಾಗಿ ಗಾಳಿ ಬಂತು. ಆಮೇಲೆ ಬರೀ ಎಣ್ಣೆ. "ಅಕ್ಕ, ಈಗ ಕಲ್ಲು ಸಿಕ್ತು" ಅಂದಳು. ನಾನು ಹೊರಗೆ ಬಂದು, ಎತ್ತಿ ನಿಲ್ಲಿಸಿದ್ದ ಚಕ್ರವನ್ನು ಎರಡೂ ಕೈಯಿಂದ ಜೋರಾಗಿ ತಿರುಗಿಸಿ, ಒತ್ತು ಅಂದೆ. ತಿರುಗುತ್ತಿದ್ದ ಚಕ್ರ ತಟ್ಟನೆ ನಿಂತಿತು. ಇನ್ನೊಮ್ಮೆ ತಿರುಗಿಸಿದೆ, ಇನ್ನೊಮ್ಮೆ ನಿಂತಿತು. ಹತ್ತು ಸಲವಾದರೂ ತಿರುಗಿಸಿರಬೇಕು. ತುಂಗಮ್ಮ ಅಳುತ್ತಿದ್ದಳು, ಆದರೆ ಕಾಲು ತೆಗೆಯಲಿಲ್ಲ.

ಇನ್ನು ಉಳಿದಿರುವುದು ನಾಲ್ಕನೆಯದು. ಮುಂದಿನ ಬಲಚಕ್ರ, ದರೆಗೆ ಗುದ್ದಿದ್ದು. ಅದರ ಹತ್ತಿರ ಮೂರು ದಿನ ಜಾಕು ಒಯ್ದು ಮೂರು ದಿನವೂ ವಾಪಸು ತಂದೆ.

ಮನೆಗೆ ಬಾ ಮಾರಯ್ಯ. ನೀನು ಮುಟ್ಟದೆ ಎದ್ದುಹೋದ ಊಟ ಹಾಗೇ ಉಳಿದಿದೆ. ಎಲೆ ಹಾಕಿ ನಾನೇ ಬಡಿಸಬೇಕು.

ನಿನ್ನ ದಾರಿ ಕಾಯುತ್ತಿರುವ ಅತ್ತಿಗೆ,
ದೇವೀರಮ್ಮ

ವಿ.ಸೂ.: ಮಡಚಿದ ಪತ್ರವನ್ನು ಅಂಟಿಸುವ ಮೊದಲು ಮತ್ತೆ ತೆರೆದಿದ್ದೇನೆ. ಮೇಲೆ 'ಯಾರೋ' ಎಂದು ಬರೆದೆ. ಅದು ನಾನು. ಆ ವರ್ಷದ ನನ್ನ ದಿನಚರಿಯಲ್ಲಿ ಡಿಸೆಂಬರ್ ಆರನೇ ತಾರೀಖಿನ ಪುಟದಲ್ಲಿ ನನ್ನದೇ ಅಕ್ಷರದಲ್ಲಿದೆ: "ಬ್ರೇಕಿನ ಡಬ್ಬಿಗೆ ಸ್ವಲ್ಪ ಎಣ್ಣೆ ಹಾಕು ಅಂತ ಇವರು ಪಲ್ಪರ್ ಹತ್ತಿರದಿಂದ ಕೂಗಿ ಹೇಳಿದರು. ಹಾಕಿದೆ. ನೀನೂ ಮೆಕ್ಯಾನಿಕ್ ಆದೆ ಅಂತ ನಕ್ಕರು." ಖಾಲಿಯಾದ ಬಾಟಲಿ ಎಸೆಯಲು ಮನಸ್ಸು ಬಾರದೆ, ಕೊಯ್ಲಿನ ಶುರುವಿನಲ್ಲಿ ಬ್ರೇಕ್ ಎಣ್ಣೆಯ ಬಾಟಲಿಗೆ ಪಲ್ಪರ್ ಇಂಜಿನ್ನಿನ ಎಣ್ಣೆ ತುಂಬಿಟ್ಟವಳೂ ನಾನೇ. ಅದೇ ಬಾಟಲಿ ಕೈಗೆ ಬಂತು. ಐದನೆಯ ದಿನ ಅವರು ಹೋದರು. ಇದನ್ನು ಓದಿದ ಮೇಲೆ ನೀನು ಬರದಿದ್ದರೆ ಅದು ನ್ಯಾಯವೇ. ಬಂದರೆ, ನಾಲ್ಕನೇ ಚಕ್ರ ನಿನಗಾಗಿ ಹಾಗೇ ಇದೆ. ಪೆಡಲಿನ ಮೇಲೆ ಕಾಲಿಟ್ಟು ನಾನು ಕೂರುತ್ತೇನೆ. ನೀನು ಕೆಳಗಿನಿಂದ "ಒತ್ತಿ ಅತ್ತಿಗೆ" ಅನ್ನಬೇಕು.