ಟರ್ನಿಪ್ ಗೆಡ್ಡೆಯ ಋಣ

ಮಾರ್ಲ್‌ಹ್ಯಾಮ್, ನಾರ್ಫಕ್
ಭಾನುವಾರ, ೯ ಅಕ್ಟೋಬರ್ ೧೯೭೭

ಪ್ರೀತಿಯ ಪರ್ಸಿ ಅಣ್ಣಾ,

ನಿನ್ನ ಮಂಡಿ ಹೇಗಿದೆ? ಮೆಟ್ಟಿಲು ಹತ್ತುವಾಗ ಕಟಕಟ ಅನ್ನುತ್ತದೆ ಎಂದು ಬರೆದಿದ್ದೆ. ಅಪ್ಪನದೂ ಹಾಗೇ ಅನ್ನುತ್ತಿತ್ತು, ಆದರೂ ಆತ ಎಂಬತ್ತು ದಾಟಿದ, ಅದಕ್ಕೆ ಹೆದರಬೇಡ. ಮೇವಿಸ್ ಅತ್ತಿಗೆಯ ಕೆಮ್ಮು ಇಳಿಯಿತೇ? ಟಾಸ್ಮೇನಿಯಾದಲ್ಲಿ ಈಗ ವಸಂತ ಎನ್ನುತ್ತೀರಿ, ಕೇಳಿದರೇ ಹೊಟ್ಟೆಕಿಚ್ಚಾಗುತ್ತದೆ. ಇಲ್ಲಿ ಬೀಟ್ ಗೆಡ್ಡೆ ಕೀಳುವ ಕಾಲ. ಟ್ರ್ಯಾಕ್ಟರುಗಳು ಹೊಲದ ಕೆಸರನ್ನೆಲ್ಲ ರಸ್ತೆಗೆ ತಂದು ಸುರಿದಿವೆ, ಅಂಗಡಿಗೆ ಹೋಗಿ ಬಂದರೆ ಬೂಟು ತೊಳೆಯುವುದೇ ಒಂದು ಕೆಲಸ. ನಾನು ಗಟ್ಟಿಯಾಗಿದ್ದೇನೆ. ಊಟ ಮಾತ್ರ ಸೇರುತ್ತಿಲ್ಲ. ಎರಡು ವಾರದಿಂದ ಬಡಿಸಿಕೊಂಡದ್ದೆಲ್ಲ ಕೋಳಿಗಳ ಪಾಲಾಗುತ್ತಿದೆ. ಯಾಕೆಂದು ಹೇಳುತ್ತೇನೆ. ನಿಂತುಕೊಂಡು ಓದಬೇಡ, ಕೂತುಕೋ.

ನೀನೇ ಅಲ್ಲವೇ ನನಗೆ ಈ ಕೆಲಸ ಹಚ್ಚಿದ್ದು? ಮುತ್ತಜ್ಜ ರೂಬೆನ್ ಡ್ಯಾಕ್‌ನ ಹೆಸರಿನಲ್ಲಿ ಚಾಪೆಲ್ಲಿನ ಗೋಡೆಗೆ ಹಿತ್ತಾಳೆ ಫಲಕ ಹಾಕಿಸುತ್ತೇವೆ ಎಂದು ದೊಡ್ಡಪ್ಪನ ಮಗ ಕ್ಲಾರೆನ್ಸ್ ಬರೆದ. ಕೂಡಲೇ ನೀನು ಅಲ್ಲಿಂದ ‘ಅನಾಥರಿಗೆ ತಂದೆಯಾದವನು’ ಎಂಬ ಸಾಲು ಬರೆದು ಕಳಿಸಿದೆ, ನವೆಂಬರಿಗೆ ಬರುತ್ತೇನೆಂದು ವಿಮಾನದ ಟಿಕೆಟ್ಟೂ ಮಾಡಿಸಿದೆ. ‘ಎನಿಡ್, ಹುಟ್ಟಿದ ವರ್ಷ ಸತ್ತ ವರ್ಷ ಮಾತ್ರ ಒಮ್ಮೆ ದಾಖಲೆಯಲ್ಲಿ ನೋಡಿಬಿಡು, ಕ್ಲಾರೆನ್ಸ್‌ನ ಕೆಲಸ ನಂಬುವ ಹಾಗಿಲ್ಲ’ ಎಂದೆ. ನೋಡಿದೆ. ಹುಟ್ಟಿದ ವರ್ಷ ಸರಿ ಇದೆ, ಸತ್ತ ವರ್ಷವೂ ಸರಿ ಇದೆ. ನಡುವೆ ಬದುಕಿದ್ದನಲ್ಲ, ಅಲ್ಲಿದೆ ಹೇಸಿಗೆ.

ಕ್ಲಾರೆನ್ಸ್ ಬ್ಯಾಂಕಿನಿಂದ ನಿವೃತ್ತನಾದ ಮೇಲೆ ವಂಶವೃಕ್ಷ ಬರೆಯುವ ಹುಚ್ಚು ಹಿಡಿಸಿಕೊಂಡಿದ್ದಾನೆ. ಊಟದ ಮೇಜಿನಷ್ಟು ದೊಡ್ಡ ಕಾಗದ. ಓಕ್ ಮರದ ಎಲೆ, ಕಾಯಿ, ಕೊಂಬೆಗೊಂದು ಹಕ್ಕಿ, ಎಲ್ಲಾ ಬಣ್ಣ ಹಚ್ಚಿ ಬರೆದಿದ್ದಾನೆ. ರೂಬೆನ್‌ನ ಹೆಸರಿನ ಸುತ್ತ ಚಿನ್ನದ ಗೆರೆ ಬೇರೆ. ಅದರ ಪಕ್ಕದಲ್ಲಿ ಪುಟ್ಟ ಅಕ್ಷರದಲ್ಲಿ, ‘೧೮೬೧ರ ಜನಗಣತಿಯಂತೆ ನಾಲ್ವರು ಅನಾಥ ಮಕ್ಕಳು ಈತನ ಮನೆಯಲ್ಲಿ ಊಟ ಮಾಡಿಕೊಂಡಿದ್ದರು.’ ನಾವು ಹುಟ್ಟಿದಾಗಿನಿಂದ ಕೇಳಿದ ಕಥೆಯೇ ಅದು. ವರ್ಕ್‌ಹೌಸು ಎಂಬ ಬಡವರ ಸೆರೆಮನೆಯಿಂದ ಮಕ್ಕಳನ್ನು ಕರೆತಂದು, ತನ್ನ ಮಕ್ಕಳ ಪಕ್ಕದಲ್ಲೇ ಕೂರಿಸಿ ಅನ್ನ ಹಾಕಿದ ಪುಣ್ಯಾತ್ಮ. ಆ ಉದ್ದ ಗಡ್ಡದ ಫೋಟೋಕ್ಕೆ ಅಮ್ಮ ಕ್ರಿಸ್‌ಮಸ್ಸಿನಲ್ಲಿ ಹಾಲಿ ಗಿಡದ ಮುಳ್ಳೆಲೆ ಸಿಕ್ಕಿಸುತ್ತಿದ್ದಳಲ್ಲ, ನೆನಪಿದೆಯಾ?

ನಾನು ನಾರ್ವಿಚ್ಚಿಗೆ ಬಸ್ಸಿನಲ್ಲಿ ಹೋಗಿ ಅದೇ ಜನಗಣತಿಯ ಅದೇ ಹಾಳೆಯನ್ನು ಫಿಲ್ಮಿನ ಯಂತ್ರದಲ್ಲಿ ನೋಡಿದೆ. ಮೊದಲ ಕಾಲಂ ಹೆಸರು. ಆಮೇಲೆ ಯಜಮಾನನಿಗೆ ಏನಾಗಬೇಕು, ಆಮೇಲೆ ವಯಸ್ಸು. ಕಣ್ಣು ತುಂಬಿ ಬಂತು ಅಣ್ಣಾ, ಸುಳ್ಳು ಹೇಳುವುದಿಲ್ಲ. ಒಂದೇ ಸೂರಿನಡಿ ನಮ್ಮ ಅಜ್ಜ ವಾಲ್ಟರ್, ವಯಸ್ಸು ಆರು, ಅವನ ಕೆಳಗೇ ಪೆಗ್ ಮನೆತನದ ರೋಡಾ, ವಯಸ್ಸು ಒಂಬತ್ತು, ಅವಳ ತಮ್ಮ ಆಮೋಸ್, ವಯಸ್ಸು ಏಳು, ಇನ್ನೂ ಇಬ್ಬರು. ಆಮೇಲೆ ಹಾಳೆಯನ್ನು ಇನ್ನೊಂದಿಷ್ಟು ಪಕ್ಕಕ್ಕೆ ಸರಿಸಿದೆ. ಮುಂದಿನ ಕಾಲಂ ಕಸುಬು. ರೂಬೆನ್ ಡ್ಯಾಕ್: ಹೊಲದಾಳುಗಳ ಗ್ಯಾಂಗಿನ ಮೇಸ್ತ್ರಿ. ವಾಲ್ಟರ್: ಶಾಲೆಗೆ ಹೋಗುವವನು. ರೋಡಾ: ಗ್ಯಾಂಗಿನಲ್ಲಿ ಕೆಲಸ. ಆಮೋಸ್, ಏಳು ವರ್ಷ: ಗ್ಯಾಂಗಿನಲ್ಲಿ ಕೆಲಸ. ಮಿಕ್ಕ ಇಬ್ಬರದೂ ಅದೇ. ಮಗನಿಗೆ ಸ್ಲೇಟು, ಇವರಿಗೆ ಟರ್ನಿಪ್ ಹೊಲ! ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಎನ್ನುತ್ತಾರಲ್ಲ, ನಮ್ಮ ಪುಣ್ಯಾತ್ಮ ಅದನ್ನು ಕಸುಬಾಗಿ ಮಾಡಿಕೊಂಡಿದ್ದ. ಹತ್ತು ವರ್ಷ ಬಿಟ್ಟು ಬಂದ ಜನಗಣತಿಯಲ್ಲಿ ಅವನು ಮೇಸ್ತ್ರಿಯಲ್ಲ, ಸ್ವಂತ ಜಮೀನಿನ ರೈತ. ನೀನೂ ನಾನೂ ಓಡಾಡಿ ಬೆಳೆದೆವಲ್ಲ, ಆ ಜಮೀನು.

ಅಲ್ಲಿಂದ ನೇರ ನಮ್ಮೂರ ಚರ್ಚಿಗೆ ಹೋಗಿ, ಪಾದ್ರಿಯ ಹತ್ತಿರ ಬೀಗದ ಕೈ ಇಸಿದುಕೊಂಡು ಪೆಟ್ಟಿಗೆಯಲ್ಲಿದ್ದ ಸಮಾಧಿ ಪುಸ್ತಕ ತೆಗೆಸಿದೆ. ನಾವು ಚರ್ಚಿನಿಂದ ಬೇರೆಯಾದ ಚಾಪೆಲ್ ಪಂಥದವರಾದರೂ ಹೂಳಿಸಿಕೊಳ್ಳಲು ಮಾತ್ರ ಚರ್ಚಿನವರೇ ಬೇಕಿತ್ತಲ್ಲ. ೧೮೬೨, ನವೆಂಬರ್ ಹದಿಮೂರು: ಆಮೋಸ್ ಪೆಗ್, ಮಾರ್ಲ್‌ಹ್ಯಾಮ್, ವಯಸ್ಸು ಎಂಟು. ಅಷ್ಟೇ. ಏನಾಗಿ ಸತ್ತ ಎಂದು ಬರೆಯಲು ಆ ಪುಸ್ತಕದಲ್ಲಿ ಜಾಗವೇ ಇಲ್ಲ.

ಕ್ಲಾರೆನ್ಸ್‌ನ ಮನೆಗೆ ಹೋಗಿ ಕೇಳಿದೆ. ಅವನ ಹೆಂಡತಿ ಮ್ಯೂರಿಯಲ್ ಹೋದ ವಾರದ ಕೇಕು ಮುಂದಿಟ್ಟಳು, ನಾನು ಮುಟ್ಟಲಿಲ್ಲ. ಆ ಕಸುಬಿನ ಕಾಲಂ ಅವನು ನೋಡಿಲ್ಲ ಅಂದುಕೊಂಡಿದ್ದೆ. ನೋಡಿದ್ದಾನೆ ಅಣ್ಣಾ! ‘ಆ ಕಾಲ್ದಲ್ಲಿ ಎಲ್ಲಾ ಮಕ್ಕಳೂ ಕೆಲ್ಸ ಮಾಡ್ತಿದ್ವು ಕಣೇ. ಅದನ್ನೆಲ್ಲ ಹಾಕೋಕೆ ಮರದಲ್ಲಿ ಜಾಗ ಇರ್ಲಿಲ್ಲ’ ಎಂದ. ಹಕ್ಕಿಗೆ ಜಾಗ ಇತ್ತಾ ಎಂದೆ. ‘ಹೂತ ಹೆಣ ಕೆದಕ್ಬೇಡ, ನಾತ ನಮ್ಮನೆಗೇ ಹೊಡೆಯತ್ತೆ’ ಎಂದ. ನೂರು ವರ್ಷದಿಂದ ಹೊಡೆಯುತ್ತಲೇ ಇದೆ, ನಮಗೆ ಮೂಗಿರಲಿಲ್ಲ ಅಷ್ಟೇ. ಕೊನೆಗೆ ಅವನ ತೀರ್ಪು: ‘ಫಲಕದ ಮಾತು ಪರ್ಸೀದು. ಮನೆಗೆ ಈಗ ಅವನೇ ಹಿರಿಯ. ಅವನು ಬೇಡ ಅಂತ ಬರೀಲಿ, ಆಮೇಲೆ ನೋಡೋಣ.’ ಮ್ಯೂರಿಯಲ್ ನನಗೆ ಕೋಟು ತೊಡಿಸುತ್ತಾ, ‘ಮದ್ವೆ ಮಕ್ಳು ಇಲ್ದೋರಿಗೆ ವಂಶದ ಬೆಲೆ ಎಲ್ಲಿ ಗೊತ್ತಾಗತ್ತೆ ಬಿಡಿ’ ಎಂದಳು. ನಕ್ಕೇ ಹೇಳಿದಳು. ಅವಳ ಕೇಕಿನ ಮೇಲೆ ಬೂಷ್ಟು ಬಂದಿದೆ ಎಂದು ನಾನೂ ನಕ್ಕೇ ಹೇಳಿ ಬಂದೆ.

ಈಗ ಮುಖ್ಯ ವಿಷಯ. ಆ ರೋಡಾಳ ಮೊಮ್ಮಗಳು ಆಲಿವ್ ಮೇಯ್ಸ್ ಗೊತ್ತಲ್ಲ, ಸರ್ಕಾರಿ ಬಾಡಿಗೆಯ ಕೌನ್ಸಿಲ್ ಮನೆಗಳ ಸಾಲಿನ ಕೊನೆಯಲ್ಲಿದ್ದಾಳೆ, ಕಾಲು ಊದಿಕೊಂಡು ಕೋಲು ಹಿಡಿದು ನಡೆಯುತ್ತಾಳೆ. ಪ್ರತಿ ವರ್ಷ ನವೆಂಬರ್ ಹನ್ನೊಂದಕ್ಕೆ, ಮಾರ್ಟಿನ್‌ಮಸ್ ಹಬ್ಬದ ದಿನ, ಅವರ ಮನೆಯಿಂದ ನಮ್ಮ ಹಿತ್ತಿಲ ಹೊಸ್ತಿಲಿಗೆ ಎಲೆ ಸಮೇತ ಒಂದು ಜೊತೆ ಟರ್ನಿಪ್ ಗೆಡ್ಡೆ ಬರುತ್ತಿತ್ತು. ಅಮ್ಮ ಹೋದ ಮೇಲೆ ನನ್ನ ಹೊಸ್ತಿಲಿಗೆ ಬರುತ್ತದೆ. ‘ನೋಡ್ರೋ, ಉಂಡ ಮನೆ ಋಣ ಮರೀದ ಜನ’ ಎಂದು ಅಮ್ಮ ಹೇಳುತ್ತಿದ್ದಳು. ಕುರಿಮಾಂಸದ ಜೊತೆ ಬೇಯಿಸಿ ಬೆಣ್ಣೆ ಹಾಕಿ ಬಡಿಸುತ್ತಿದ್ದಳು. ನೀನು ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದೆ. ಅವರ ಮನೆಯ ಹೆಂಗಸರು ನಮ್ಮ ಬಟ್ಟೆ ಒಗೆಯುವ ದಿನ ಪುಕ್ಕಟೆ ಬಂದು ಕೈಜೋಡಿಸಬೇಕು ಎಂದು ಅಜ್ಜಿ ಅಪೇಕ್ಷಿಸುತ್ತಿದ್ದಳಂತೆ, ಅದೂ ಋಣದ ಲೆಕ್ಕದಲ್ಲೇ. ಸಮಾಧಿಯ ತಾರೀಕು ನೋಡಿದ ಮೇಲೆ ಆ ಗೆಡ್ಡೆಗಳು ನನ್ನ ತಲೆಯಿಂದ ಇಳಿಯಲಿಲ್ಲ. ಹನ್ನೊಂದಕ್ಕೆ ಗೆಡ್ಡೆ, ಹದಿಮೂರಕ್ಕೆ ಮಣ್ಣು. ಆಲಿವಳ ಮನೆಗೆ ಹೋಗಿ, ಕೋಟು ಕೂಡ ಬಿಚ್ಚದೆ, ಆ ಗೆಡ್ಡೆ ಯಾಕೆ ತಂದಿಡುತ್ತೀರಿ ಎಂದು ಕೇಳಿದೆ.

ಆಕೆ ಟೀವಿ ಆರಿಸಿದಳು. ಹುಟ್ಟಿದಾಗಿನಿಂದ ನನ್ನನ್ನು ಮಿಸ್ ಡ್ಯಾಕ್ ಎನ್ನುತ್ತಿದ್ದವಳು ಅಂದು ಹೆಸರು ಹಿಡಿದು ಮಾತಾಡಿದಳು. ಅವಳ ಮಾತನ್ನೇ ಬರೆಯುತ್ತೇನೆ, ನನ್ನ ಮಾತಿನಲ್ಲಿ ಹೇಳುವ ಯೋಗ್ಯತೆ ನನಗಿಲ್ಲ. ‘ಅವತ್ತು ನೆಲ ಹೆಪ್ಪುಗಟ್ಟಿತ್ತಂತೆ ಎನಿಡ್. ಗೆಡ್ಡೆ ಕಿತ್ತೂ ಕಿತ್ತೂ ಹುಡ್ಗನ ಬೆರಳು ಸೆಟೆದೋಗಿದ್ವು. ವಾಪಸ್ ಬರೋವಾಗ ಕಾಲು ಸೋತು ಕೂತ್ಬಿಟ್ಟ. ನಿಮ್ ಮುತ್ತಜ್ಜ, ಬೇಲಿ ಪಕ್ಕ ಬಿಟ್ಟು ನಡೀರಿ, ಹಿಂದೆ ಗಾಡಿ ಬರತ್ತೆ, ಹತ್ತಿಸ್ಕೊಂಡು ಬರ್ತಾನೆ ಅಂದ. ನಮ್ಮಜ್ಜಿ ತಮ್ಮನ ಅಂಗಿ ಬಿಡ್ಲಿಲ್ಲ. ಕೋಲು ತಗೊಂಡು ಕೈಗೆ ಬಾರಿಸಿ ಬಿಡಿಸ್ದ. ಗಾಡಿಯೋನು ಬೇರೆ ದಾರೀಲಿ ಹೋದ. ಬೆಳಿಗ್ಗೆ ಹೋಗಿ ನೋಡಿದ್ರೆ ಹುಡ್ಗ ಕಟ್ಟಿಗೆ ಆಗಿದ್ದ. ಮುಂದಿನ ವರ್ಷ ಅದೇ ದಿನ ಅದೇ ಹೊಲದ ಗೆಡ್ಡೆ ತಂದು ಅವನ ಹೊಸ್ತಿಲಿಗೆ ಇಟ್ಲು ನಮ್ಮಜ್ಜಿ. ನೋಡ್ಲಿ ಅಂತ. ನೋಡ್ದ. ನೋಡಿ, ಹೆಂಡ್ತಿ ಕೈಗೆ ಕೊಟ್ಟು, ಬೇಯ್ಸು ಅಂದ. ಮಕ್ಕಳಿಗೆ, ನೋಡಿ ಎಷ್ಟು ಕೃತಜ್ಞತೆ ಅಂದ.’

ಆಮೇಲೆ ಆಕೆ ಹೇಳಿದ್ದು ಕೇಳು. ‘ಸಾಯೋವಾಗ ಅಜ್ಜಿ ನಮ್ಮವ್ವನ್ನೂ ನನ್ನನ್ನೂ ಕರ್ದು ಹೇಳಿದ್ಲು, ನಿಲ್ಲಿಸ್ಬೇಡಿ, ಆ ಮನೇಲಿ ಒಬ್ರಾದ್ರೂ ಯಾಕೆ ಅಂತ ಕೇಳೋವರ್ಗೂ ಇಡ್ತಾ ಇರಿ ಅಂತ. ಯಾರೂ ಕೇಳ್ಲಿಲ್ಲ ಕಣವ್ವ. ನಿಮ್ಮಮ್ಮ ಒಂದ್ಸಲ ಬಾಗ್ಲಿಗೆ ಬಂದ್ರು, ಈಗ ಕೇಳ್ತಾರೆ ಅಂತ ನಮ್ಮವ್ವನ ಎದೆ ಹೊಡ್ಕೊಳ್ತು. ಹೋದ ವರ್ಷದ್ದು ಸ್ವಲ್ಪ ನಾರು ಇತ್ತು ಅಂದ್ರು, ಒಳಗೆ ಹೋದ್ರು.’

ನಾನು ಆಲಿವಳ ಅಂಗಳದ ಮೂಲೆಯಲ್ಲಿ ವಾಂತಿ ಮಾಡಿಕೊಂಡೆ. ಅವಳೇ ನೀರು ತಂದುಕೊಟ್ಟಳು, ಆ ಊದಿದ ಕಾಲೆಳೆದುಕೊಂಡು. ನೂರು ವರ್ಷಕ್ಕೂ ಮೇಲೆ ತಿಂದೆವಲ್ಲ ಅಣ್ಣಾ, ಅಜ್ಜ ತಿಂದ, ಅಪ್ಪ ತಿಂದ, ನೀನೂ ನಾನೂ ತಟ್ಟೆ ನೆಕ್ಕಿದೆವು! ಒಂದು ಮಗುವಿನ ಸಾವನ್ನು ತಂದು ಹೊಸ್ತಿಲ ಮೇಲಿಟ್ಟರೆ ಬೆಣ್ಣೆ ಹಾಕಿಕೊಂಡು ತಿಂದ ಜನ ನಾವು. ಮನೆಗೆ ಬಂದು ಆ ಗಡ್ಡದವನ ಫೋಟೋ ತೆಗೆದು ಕೋಳಿಗೂಡಿಗೆ ಹಾಕಿದೆ. ಆಮೇಲೆ, ಪಾಪ ಕೋಳಿಗಳೇನು ಮಾಡಿದವು ಎಂದು ಅಲ್ಲಿಂದಲೂ ತೆಗೆದೆ. ಈಗ ಕಲ್ಲಿದ್ದಲಿನ ಕೊಟ್ಟಿಗೆಯಲ್ಲಿದೆ. ರೂಬೆನ್ ಕ್ರೂರಿ ಎಂಬುದಕ್ಕಿಂತ ನನಗೆ ಹೇಸಿಗೆಯಾಗುವುದು ಅವನ ಆ ‘ಬೇಯ್ಸು’ ಎಂಬ ಮಾತಿಗೆ. ಅವನಿಗೆ ಅರ್ಥವಾಗಿತ್ತು. ಅರ್ಥವಾಗಿಯೂ ಅದನ್ನು ತನ್ನ ಹೊಗಳಿಕೆ ಮಾಡಿಕೊಂಡ. ಕ್ಲಾರೆನ್ಸ್ ಅದನ್ನೀಗ ಹಿತ್ತಾಳೆಯಲ್ಲಿ ಕೆತ್ತಿಸುತ್ತಿದ್ದಾನೆ, ನಿನ್ನ ಮಾತಿನಲ್ಲಿ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ನೀನು ಬರೆದಿದ್ದು ನಾವಿಬ್ಬರೂ ನಂಬಿದ್ದನ್ನೇ. ಆದರೆ ಈ ಪತ್ರ ಕೈಗೆ ಬಂದ ದಿನವೇ ಕ್ಲಾರೆನ್ಸ್‌ಗೆ ತಂತಿ ಕೊಡು. ಆ ಸಾಲು ನಿನ್ನದು, ಅದನ್ನು ನೀನು ವಾಪಸ್ ತೆಗೆದುಕೊಂಡಿದ್ದೀಯ, ಫಲಕ ಬೇಡ ಎಂದು ಸ್ಪಷ್ಟವಾಗಿ ಹೇಳು. ನನ್ನ ಮಾತಿಗೆ ಇಲ್ಲಿ ಬೆಲೆಯಿಲ್ಲ, ನಾನು ಮದುವೆಯಾಗದ ಮುದುಕಿ, ಅಂಚೆಕಚೇರಿಯಲ್ಲಿ ಸ್ಟಾಂಪು ಮಾರಿ ತಲೆ ಕೆಟ್ಟವಳು. ನಿನ್ನ ಮಾತಿಗೆ ಇದೆ.

ಮೇವಿಸ್ ಅತ್ತಿಗೆಗೆ ನನ್ನ ಪ್ರೀತಿ ತಿಳಿಸು. ಕೆಮ್ಮಿಗೆ ಈರುಳ್ಳಿ ರಸಕ್ಕೆ ಜೇನು ಹಾಕಿ ಕೊಡು, ಮೂಗು ಮುಚ್ಚಿಕೊಂಡಾದರೂ ಕುಡಿಯಲಿ. ಮೊಮ್ಮಕ್ಕಳನ್ನು ನನ್ನ ಪರವಾಗಿ ಒಮ್ಮೆ ಗಟ್ಟಿಯಾಗಿ ತಬ್ಬಿಕೋ, ಅವರು ಚೆನ್ನಾಗಿ ಉಂಡು, ಬೆಚ್ಚಗೆ ಮಲಗಿ, ಶಾಲೆಗೆ ಹೋಗಿ ಬೆಳೆಯಲಿ. ದೇವರು ನಿಮ್ಮನ್ನು ಕಾಯಲಿ.

ನಿನ್ನ ತಂಗಿ
ಎನಿಡ್

ಹಿಂಬರಹ: ಅಂಚೆಗೆ ಹಾಕಲು ಹೊರಟಿದ್ದೆ, ಕ್ಲಾರೆನ್ಸ್ ಬಾಗಿಲಿಗೆ ಬಂದ. ಫಲಕವನ್ನು ನಿನ್ನೆಯೇ ಗೋಡೆಗೆ ಹೊಡೆಸಿಬಿಟ್ಟಿದ್ದಾನಂತೆ, ಮೇಲೆ ಬಟ್ಟೆ ಹೊದಿಸಿದೆಯಂತೆ. ‘ಇನ್ನು ಪರ್ಸಿ ಏನ್ ಬರೆದ್ರೂ ತಡ ಆಯ್ತು’ ಎಂದ. ಆದ್ದರಿಂದ ತಂತಿ ಬೇಡ. ನವೆಂಬರ್ ಹದಿಮೂರರ ಭಾನುವಾರ ಬಟ್ಟೆ ತೆಗೆಯುವ ಮುಂಚೆ ವಂಶವೃಕ್ಷ ಓದಬೇಕು ಎಂದು ನನ್ನನ್ನೇ ಕೇಳಿದ, ಊರಲ್ಲಿರುವ ಡ್ಯಾಕ್‌ಗಳಲ್ಲಿ ನಾನೇ ಹಿರಿಯಳಲ್ಲವೇ, ಓದಿದರೆ ಬಾಯಿ ಮುಚ್ಚಿಸಿದ ಹಾಗೆ ಅಂದುಕೊಂಡಿದ್ದಾನೆ. ಆಗಲಿ, ಓದುತ್ತೇನೆ ಎಂದೆ. ಕಸುಬಿನ ಕಾಲಂ ಸೇರಿಸಿ ಓದುತ್ತೇನೆ, ಸಮಾಧಿ ಪುಸ್ತಕವನ್ನೂ ಓದುತ್ತೇನೆ, ‘ಬೇಯ್ಸು’ ಎಂದದ್ದನ್ನೂ ಹೇಳುತ್ತೇನೆ. ಆಲಿವ್ ಬರುತ್ತಾಳೆ. ಅವಳ ಮನೆತನದವರು ಆ ಚಾಪೆಲ್ಲಿನೊಳಗೆ ಕಾಲಿಡುವುದು ಇದೇ ಮೊದಲಂತೆ. ಮುಂದಿನ ಬೆಂಚಿನಲ್ಲಿ, ನಮ್ಮವರು ಕೂರುವ ಜಾಗದಲ್ಲೇ ಕೂರಿಸುತ್ತೇನೆ. ನಾನು ಎದ್ದು ಓದಲು ಹೋದರೆ ಅವಳು ಒಂಟಿಯಾಗುತ್ತಾಳೆ, ನಮ್ಮವರು ಯಾರೂ ಅವಳ ಪಕ್ಕ ಕೂರುವುದಿಲ್ಲ. ಅಣ್ಣಾ, ನೀನು ಕೂರುತ್ತೀಯಾ?